ಗ್ನೆಲ್

ನಾಯಿ ಕುಂಯ್‌ಗುಡುತ್ತದೆ, ಬಾಗಿಲು ಕಿರುಗುಡುತ್ತದೆ,
ಕೂಸು ರಚ್ಚೆ ಹಿಡಿಯುತ್ತದೆ, ಮುದುಕರು ಗೊಣಗುತ್ತಾರೆ.
ನಮ್ಮ ಭಾಷೆಗೆ ಅಷ್ಟು ಪುರುಸೊತ್ತು.
ಸ್ವೀಡನ್ನಿನವರದು ಬಿಗಿ ಕೈ,
ನಾಲ್ಕಕ್ಕೂ ಸೇರಿ ಒಂದೇ ಮಾತು: ಗ್ನೆಲ್.
ಶುರುವಿನಲ್ಲಿ ಥೇಟ್ ನಮ್ಮ ಬಾಯಲ್ಲಿನ ಜ್ಞಾನ,
ಆಮೇಲೆ ಮೂಗಿನೊಳಗೆ ಸಿಕ್ಕಿ
ಹೊರಬರಲಾರದೆ ಎಳೆಯುವ ರಾಗ.

ಅಲ್ಲಿ ನೆರ್ಕೆ ಎಂಬೊಂದು ಸೀಮೆ.
ಆ ಕಡೆಯವರು ‘ಒಳ್ಳೇ ಬಿಸಿಲು ಇವತ್ತು’ ಅಂದರೂ
ಬಿಸಿಲಿನ ಮೇಲೆ ದೂರು ಕೊಟ್ಟಂತೆ ಕೇಳುತ್ತದಂತೆ.
ಮಿಕ್ಕವರು ಇಟ್ಟ ಅಡ್ಡಹೆಸರು
ಗ್ನೆಲ್ ಪಟ್ಟಿ.

ಟೆಕ್ಲಾ ಹುಟ್ಟಿದ್ದು ಅಲ್ಲೇ. ಹದಿನಾರಕ್ಕೆ ಬೂಟಿನ ಕಾರ್ಖಾನೆ,
ಅಂಟಿನ ಕೋಣೆ. ಚಳಿ ಬರಬಾರದೆಂದು ಕಿಟಕಿಗೆ ಮೊಳೆ.
ಮಧ್ಯಾಹ್ನ ಮೂರಕ್ಕೆಲ್ಲ ತಲೆ ತಿರುಗಿ
ಎಡಗಾಲಿನದು ಯಾವುದು, ಬಲಗಾಲಿನದು ಯಾವುದು ತಿಳಿಯದು.
ಹೋಗಿ ಹೇಳಿದಳು. ಮಾಯ್-ಲಿಸ್ ಹೇಳಿದಳು.
ಬಸುರಿ ಗುನ್‌ವೊರ್ ಎರಡು ಸಲ ಹೇಳಿದಳು.
ಮೇಸ್ತ್ರಿ ಯಾರ್ಲ್ ಕೆಟ್ಟವನಲ್ಲ,
ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ,
ನೀಲಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.
ಬರೆದುಕೊಂಡನಲ್ಲ, ಅದೇ ಸಮಾಧಾನ.

ಕಾರ್ಖಾನೆ ಮುಚ್ಚಿ ಯಾವ ಕಾಲವಾಯಿತೋ.
ಅದರದೊಂದು ಮೂಲೆ ಈಗ ಸಂಗ್ರಹಾಲಯ.
ಬಸ್ಸಿಗಿನ್ನೂ ಹೊತ್ತಿದೆಯೆಂದು ಒಳಹೊಕ್ಕ
ಎಂಬತ್ತೊಂದರ ಟೆಕ್ಲಾ
ಗಾಜಿನಡಿ ಬಿಚ್ಚಿಟ್ಟ ನೀಲಿ ಪುಸ್ತಕದೆದುರು ನಿಂತಳು.
ಫೆಬ್ರವರಿ ಎಂಟು, ಅಂಟಿನ ಕೋಣೆ: ಗ್ನೆಲ್.
ಫೆಬ್ರವರಿ ಒಂಬತ್ತು, ಅಂಟಿನ ಕೋಣೆ: ಗ್ನೆಲ್.
ಹನ್ನೆರಡು: ಅದೇ.
ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಪಕ್ಕದಲ್ಲೇ ಯಾರೋ ಕಾಫಿ ಸೋಸುತ್ತಿದ್ದರು.
ಕಣ್ಣಿಗೆ ಬಿತ್ತು, ಗೊತ್ತಾಯಿತು.
ಮೂಗಿಗೆ ಏನೂ ತಿಳಿಯದೆ ನಲವತ್ತು ವರ್ಷ.

‘ಕ್ಷಮಿಸಿ, ಈ ಬಾಗಿಲು ಬೆಳಗ್ಗಿನಿಂದ ಒಂದೇ ಗ್ನೆಲ್’
ಅನ್ನುತ್ತ ಟಿಕೆಟ್ಟಿನ ಹುಡುಗ ಎಣ್ಣೆಯ ಡಬ್ಬಿ ಹಿಡಿದು ಓಡಿಬಂದ.
ಕೀಲಿಗೆ ಎರಡು ತೊಟ್ಟು. ಬಾಗಿಲು ಸುಮ್ಮನಾಯಿತು.
‘ಬೆಳಗ್ಗಿನಿಂದಲೇ?’ ಅಂದಳು ಟೆಕ್ಲಾ.
ಅವನು ನಕ್ಕ. ಅವಳ ರಾಗಕ್ಕೆ ನಕ್ಕಿರಬೇಕು.

ಹೊರಗೆ ಸೈಕಲ್ ನಿಲ್ಲಿಸುವ ಕಂಬಿಗೆ ಕಟ್ಟಿದ ಯಾರದೋ ನಾಯಿ
ತುಂತುರಿನಲ್ಲಿ ನೆನೆಯುತ್ತ ಶುರುವಿಟ್ಟುಕೊಂಡಿತ್ತು.
ಹೋಗುವವರೆಲ್ಲ ‘ಶ್’ ಎನ್ನುತ್ತ ಹೋದರು.
ಬಸ್ಸೂ ಬಂದು ಹೋಯಿತು.
ಟೆಕ್ಲಾ ಕೊಡೆಯನ್ನು ಅದರತ್ತ ವಾಲಿಸಿ
ಮಂಡಿಗೆ ಕೈಕೊಟ್ಟು ಮೆಲ್ಲಗೆ ಬಗ್ಗಿ,
ಹೊಸ ಬೂಟು ತೊಟ್ಟ ಮಗುವನ್ನು ಕೇಳುವ ಹಾಗೆ
‘ಹೂಂ, ಹೇಳು,’ ಅಂದಳು,
‘ಎಲ್ಲಿ ಕಚ್ಚುತ್ತಿದೆ?’