ಸಾಕ್ಷಿ ಹೇಳಿಕೆ, ಪುಟ ಎರಡು

ಬೆಲ್‌ಫಾಸ್ಟಿನ ಆ ಕೋಣೆಗೆ ಕಿಟಕಿಯಿಲ್ಲ.
ಹುಡುಗಿಯೊಬ್ಬಳು ಕಡತ ತಂದಿಟ್ಟು
ನೀರು ಬೇಕೇ ಅಂದಳು. ಬೇಡ ಅಂದೆ.
ಆರ್ಮಾದಿಂದ ಇಲ್ಲಿಗೆ ನಲವತ್ತು ಮೈಲಿ.
ಈ ಕಾಗದ ಮೇಜಿಗೆ ಬರಲು ನಲವತ್ತೆಂಟು ವರ್ಷ.

ಕೆಳಗೆ ನನ್ನ ಸಹಿ, ಕಾಪಿ ಪುಸ್ತಕದ ಅಕ್ಷರ:
ಫಿಂಟನ್ ಮೆಕಾರ್ಡಲ್, ವಯಸ್ಸು ಹದಿಮೂರು.
ಮೇಲಿನದೆಲ್ಲ ಅವನ ಕೈಬರಹ.
ದುಂಡಗೆ, ಚೆಂದಕ್ಕೆ. ಒಂದೂ ಚಿತ್ತಿಲ್ಲ.

ನವೆಂಬರು, ನಸುಕಿನ ಐದು.
ಅಪ್ಪನ ಹಾಲಿನ ಲಾರಿ, ಹಿಂದೆ ಕ್ಯಾನುಗಳ ಗದ್ದಲ,
ನನ್ನ ತೊಡೆಯ ಮೇಲೆ ಇಬ್ಬರ ಬುತ್ತಿ.
ತಿರುವಿನಲ್ಲಿ ಕೆಂಪು ಲಾಂದ್ರವೊಂದು
ಗುಂಡಗೆ, ನಿಧಾನಕ್ಕೆ ಸುತ್ತುತ್ತಿತ್ತು.
'ಪೊಲೀಸರು' ಅಂದ ಅಪ್ಪ.
ರಾತ್ರಿ ಯಾರಾದರೂ ಅಡ್ಡಗಟ್ಟಿದರೆ
ಪೊಲೀಸರೇ ಆಗಿರಲಪ್ಪಾ ಅನ್ನುವ ಕಾಲ ಅದು.
ಉಸಿರು ಬಿಟ್ಟು ಬ್ರೇಕು ಒತ್ತಿದ.
ಆ ಉಸಿರನ್ನು ನಾನಿನ್ನೂ ಕ್ಷಮಿಸಿಲ್ಲ.

ಲಾಂದ್ರದವನು ಲೈಸೆನ್ಸು ಕೇಳಿದ.
ಸಭ್ಯ ದನಿ. 'ಸರ್' ಅಂದ, ಹಾಲು ಮಾರುವ ನಮ್ಮಪ್ಪನಿಗೆ.
ಅಪ್ಪ ಒಳಜೇಬಿಗೆ ಕೈ ಹಾಕಿದ,
ಅಷ್ಟರಲ್ಲಿ ಬೇಲಿ ಎದ್ದು ನಿಂತಿತು.

ಹೌದು, ಬೇಲಿ.
ಅಜ್ಜನ ಕಾಲದ ಮುಳ್ಳುಬೇಲಿ,
ಹಿಂದಿನ ತಿಂಗಳಷ್ಟೇ ಹಣ್ಣು ಕೀಳಲು ಹೋಗಿ
ತೋಳು ಗೀರಿಸಿಕೊಂಡಿದ್ದೆ ಅದರಲ್ಲಿ.
ಅದಕ್ಕೆ ಎಲೆಬಣ್ಣದ ತೋಳು ಬಂತು, ಬೂಟು ಬಂತು,
ಎದ್ದು ಎರಡು ಹೆಜ್ಜೆ ಮುಂದೆ ಬಂತು.
ಆಮೇಲೆ ಸದ್ದು.

ಕ್ಯಾನು ತೂತಾಗಿ ಹಾಲೆಲ್ಲ ರಸ್ತೆಗೆ.
ಚರಂಡಿಯಲ್ಲಿ ತೆವಳಿದೆ, ಮೊಣಕೈಗೆ ಬೆಚ್ಚಗೆ ತಾಗಿತು.
ನವೆಂಬರಿನಲ್ಲಿ, ರಾತ್ರಿಯೆಲ್ಲ ಹೊರಗಿದ್ದ ಹಾಲು
ಬೆಚ್ಚಗಿರುವುದಿಲ್ಲ ಅಂತ ಹೊಳೆದಾಗ
ನನಗೆ ಮದುವೆಯಾಗಿತ್ತು.

ಒಂಬತ್ತಕ್ಕೆ ಕಾನ್‌ಸ್ಟೇಬಲ್ ವಿಲ್ಬರ್ಟ್ ಗ್ರೇಸಿ ಬಂದ.
ಹೊಸ್ತಿಲಲ್ಲಿ ಬೂಟು ಒರೆಸಿದ. ಮತ್ತೆ ಒರೆಸಿದ.
ಟೋಪಿ ಕಂಕುಳಲ್ಲಿಟ್ಟು ಅಮ್ಮನಿಗೆ ತಲೆ ಬಾಗಿಸಿದ.
ಅಮ್ಮ ಚಹಾ ಕೊಟ್ಟಳು, ಕೈ ತಾನಾಗಿ ಕೊಟ್ಟಿತು.
'ಹಾಲಿಲ್ಲ' ಅಂದಳು, 'ಇವತ್ತು ಬಂದಿಲ್ಲ.'
'ಪರವಾಗಿಲ್ಲಮ್ಮ.'
ಕರಿ ಚಹಾ ತಳದವರೆಗೂ ಕುಡಿದ.

ಬೇಲಿ ಎದ್ದಿತು ಅಂದೆ.
ಪೆನ್ನು ನಿಂತಿತು.
'ಬೇಲಿ ಏಳೋದಿಲ್ಲ ಮಗು' ಅಂದ,
ಅದೇ ದನಿಯಲ್ಲಿ.

ದನಿ ಗುರುತು ಸಿಕ್ಕಿತೇ ಎಂದು ವಕೀಲರು ಕೇಳುತ್ತಾರೆ.
ಸಿಕ್ಕಿತು ಅಂದರೆ ಯಾಕೆ ಹೇಳಲಿಲ್ಲ,
ಸಿಗಲಿಲ್ಲ ಅಂದರೆ ಯಾಕೆ ಬಂದಿರಿ.
ನನಗೆ ನೆನಪಿರುವುದು ಅವನ ಬೆರಳು:
'ಇಲ್ಲಿ' ಎಂದು ಒತ್ತಿ ತೋರಿಸಿತು.
ಅಲ್ಲೇ ಸಹಿ ಹಾಕಿದೆ.

'ಸಾಕ್ಷಿ ಗಾಬರಿಗೊಂಡಿದ್ದಾನೆ. ಯಾರನ್ನೂ ನೋಡಿಲ್ಲ.'

ಹಿಂದೆ ಯಾರೋ ಪಿನ್ನು ಚುಚ್ಚಿದ ಹಾಳೆ,
ಠಾಣೆಯ ಬಂದೂಕಿನ ಲೆಕ್ಕ.
ಒಂದು ಬಂದೂಕು, ಬೆಳಿಗ್ಗೆ ಆರೂಮುಕ್ಕಾಲಿಗೆ ಜಮಾ,
ಒರೆಸಿ ಎಣ್ಣೆ ಹಚ್ಚಿದೆ.
ಅದೇ ದುಂಡು ಅಕ್ಷರ.
ಇನ್ನೊಂದರಲ್ಲಿ, ಬಾವುಟದ ಕೆಳಗೆ ಬೈಬಲ್ಲು ಮುಟ್ಟಿ
ಆಣೆಯಿಟ್ಟ ಏಳು ಹೆಸರು;
ನಾಲ್ವರಿಗೆ ತಿಂಗಳ ಸಂಬಳ ಸರ್ಕಾರದ್ದೇ.
ಈ ಹಾಳೆ ಮೇಲಿನವರು ಓದಿದ್ದಾರೆ.
ಅಂಚಿನಲ್ಲಿ ಕೆಂಪು ಶಾಯಿಯ ಗೀಟು,
ಓದಿ, ಮಡಚಿ, ಒಳಗಿಟ್ಟಿದ್ದಾರೆ.

ಗ್ರೇಸಿ ಹಾಸಿಗೆಯಲ್ಲಿ ತೀರಿಕೊಂಡ, ಪಿಂಚಣಿಯ ಮೇಲೆ.
ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆಯುತ್ತಿದ್ದನಂತೆ.
ಬೀದಿಯಲ್ಲೆಲ್ಲ ಹಂಚುತ್ತಿದ್ದನಂತೆ,
ಆಚೆ ಪಂಗಡದವರಿಗೂ.

ರಸ್ತೆ ಅಗಲ ಮಾಡುವಾಗ ಬೇಲಿ ಕಡಿದರು.
ಈಗ ತಂತಿ. ಅದರಾಚೆಗೆಲ್ಲ ಕಾಣುತ್ತದೆ.
ಆದರೂ ಆ ತಿರುವಿನಲ್ಲಿ ನಾನು
ದೀಪ ಕಂಡರೆ ನಿಲ್ಲಿಸುವುದಿಲ್ಲ;
ಎರಡು ಸಲ ದಂಡ ಕಟ್ಟಿದ್ದೇನೆ.

'ತಿದ್ದುಪಡಿ ಇದ್ದರೆ ಬರೆಯಬಹುದು' ಅಂದಳು ಹುಡುಗಿ,
ತನ್ನದೇ ಪೆನ್ನು ಕೊಟ್ಟು.
ಅವಳ ತಾಯಿಯೂ ಹುಟ್ಟಿರಲಿಲ್ಲ ಆಗ.

ಬೇಲಿ ಎದ್ದಿತು ಎಂದು ಬರೆದೆ.
ಕೈ ನಡುಗಿ 'ಬೇ' ಮೇಲೆ ಶಾಯಿ ಹರಡಿತು.
ಬೇರೆ ಹಾಳೆ ಕೊಡಲೇ ಅಂದಳು.
ಇರಲಿ ಅಂದೆ.