ಯಾವ ಒಂಬತ್ತು

ಇನ್ನೂರು ಡಾಲರಿಗೆ ತಂದಿದ್ದೆ.
ಪಿಕಪ್ಪಿನ ಬೆನ್ನಲ್ಲಿ, ಹಳೇ ಹಾಸಿಗೆಯ ಮೇಲೆ,
ಸ್ಯಾಗಿನಾ ಊರಿನ ಒಂದೊಂದೇ ಗುಂಡಿ ತಪ್ಪಿಸಿ.
ಮಾರಿದವನು ಆಣೆ ಇಟ್ಟಿದ್ದ: ನಾಲ್ಕು ಬೋಲ್ಟಿನದು,
ಅರವತ್ತೊಂಬತ್ತರದು, ಒಬ್ಬನೇ ಯಜಮಾನ,
ಭಾನುವಾರದ ಚರ್ಚು ಬಿಟ್ಟರೆ ಎಲ್ಲೂ ಹೋಗಿಲ್ಲ.

‘ನನ್ನ ಹತ್ರ ಬರೋ ಬ್ಲಾಕೆಲ್ಲ ಚರ್ಚಿಗೇ ಹೋದವು’
ಅಂದಳು ವರ್ನೆಟಾ ಸ್ಟಾಲ್‌ವರ್ತ್, ಬೋರಲು ಹಾಕಿಸಿ.
ಮೇನ್ ಕ್ಯಾಪಿಗೆ ಎರಡೆರಡೇ ಬೋಲ್ಟು.
ಸೀಮೆಸುಣ್ಣದಲ್ಲಿ ಒಂದು ಗೀಟು.
ಮುಂದೆ, ಗುರುತು ಒತ್ತುವ ಪಟ್ಟಿ ನುಣ್ಣಗೆ:
ಯಾರೋ ಎಂದೋ ಡೆಕ್ ಹೆರೆಸುವಾಗ
ಹೆಸರೂ ಹೆರೆದುಹೋಗಿದೆ.

ಹಿಂದೆ, ಗೇರ್‌ಬಾಕ್ಸ್ ಕೂರುವ ಅಂಚಿಗೆ
ಸೀಮೆಎಣ್ಣೆ, ತಂತಿಬ್ರಷ್ಷು, ಮತ್ತೆ ಸೀಮೆಎಣ್ಣೆ.
ಎದ್ದವು ಕೊನೆಯ ಮೂರಂಕಿ: ಸೊನ್ನೆ, ಒಂದು, ಸೊನ್ನೆ.
‘ಹತ್ತು ವರ್ಷ ಇದೇ ನಂಬರಲ್ಲಿ ಎರಕ ಹೊಯ್ದರು.
ಇದು ಮನೆತನದ ಹೆಸರು ಎಲಿಸಿಯೊ,
ಹುಟ್ಟಿದ ದಿನ ಆ ಕಡೆ ಇದೆ.’

ಆ ಕಡೆ: ಎಚ್, ಹದಿನಾಲ್ಕು, ಒಂಬತ್ತು.
ಎಚ್ ಅಂದರೆ ಆಗಸ್ಟು. ತಾರೀಕು ಹದಿನಾಲ್ಕು.
ಒಂಬತ್ತು? ಯಾವ ಒಂಬತ್ತು?
ಅರವತ್ತರ ಬಾಲವೋ, ಎಪ್ಪತ್ತರದೋ,
ಕಬ್ಬಿಣ ಹೇಳುವುದಿಲ್ಲ.

ಬ್ರಷ್ಷು ಅಲ್ಲೇ ನಿಂತಿತು.
‘ಅರವತ್ತೊಂಬತ್ತಾದರೆ, ಈ ಬಿಸಿಲಲ್ಲಿ,
ನದಿಯಾಚೆ ಫೌಂಡ್ರಿಯಲ್ಲಿ ಅಪ್ಪ ಇದ್ದ.
ಅಲಬಾಮಾದ ಬಸ್ಸಿಳಿದ ಕಪ್ಪು ಗಂಡಸರಿಗೆ
ಕುಲುಮೆಯ ಮುಂದೆ ಕೆಲಸಕ್ಕೆ ಬರಗಾಲವಿರಲಿಲ್ಲ.
ಮೂಗು ಸೀಟಿದರೆ ಮರಳು. ಅಮ್ಮ ಅಂಗಿಯನ್ನು
ಹೊರಗೇ ಬಿಚ್ಚಿಸುತ್ತಿದ್ದಳು.’
ಎಪ್ಪತ್ತೊಂಬತ್ತಾದರೆ? ಅಂದೆ, ಬಾಯಿ ಸುಮ್ಮನಿರದೆ.
‘ಅಷ್ಟರಲ್ಲಿ ಮಣ್ಣುಮಾಡಿ ಆರು ವರ್ಷ.’

ಗೇಜು ಇಳಿಸಿದಳು. ಈಗಾಗಲೇ ಒಮ್ಮೆ ಕೊರೆಸಿದ್ದಾರೆ.
ಜೆಲ್ ಸವರಿ, ಸ್ಕ್ಯಾನರಿನ ಮೂತಿಯಿಟ್ಟು
ಗೋಡೆಗಳ ದಪ್ಪ ಓದುತ್ತ ಹೋದಳು;
ಆರನೆಯ ಸಿಲಿಂಡರಿನಲ್ಲಿ, ಒಂದು ಮಗ್ಗುಲು,
ಅಂಕಿ ಇಳಿಯಿತು, ಇಳಿಯಿತು.
‘ಅಚ್ಚಿನೊಳಗೆ ತಿರುಳು ಸರಿದಿದೆ.
ಪಾಳಿ ಮುಗಿಯೋ ಹೊತ್ತಿನ ಕೈ.’
ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಳು,
ನಾನೊಬ್ಬ ಅಲ್ಲಿರುವುದು ಮರೆತ ಹಾಗೆ.

ಹಾಗಾದರೆ ನನ್ನ ಐನೂರು ಕುದುರೆ?

‘ಮುನ್ನೂರು ಕಟ್ಟು, ಬಹಳ ದಿನ ಬದುಕುತ್ತೆ.
ಐನೂರೇ ಬೇಕಂದ್ರೆ ಬೇರೆ ಹುಡುಕು.
ನೀನು ಕೊಟ್ಟಷ್ಟು ನಾನು ಕೊಡ್ತೀನಿ.’

ಒಂದು ವಾರ ಯೋಚಿಸುತ್ತೇನೆ ಅಂದೆ.
ನಿಜಕ್ಕೂ ಯೋಚಿಸಲು ಏನೂ ಇರಲಿಲ್ಲ,
ಸುಮ್ಮನೆ ಹುಡುಗುಬುದ್ಧಿ.
ಅವಳು ತಪಾಸಣೆಯ ಚೀಟಿ ಬರೆದಳು:
ಬೋರು, ಡೆಕ್ಕು, ಆರನೆಯ ಗೋಡೆ.
ಇಸವಿಯ ಕಾಲಮ್ಮಿನಲ್ಲಿ
ಎಡಕ್ಕೆ ಒಂದಂಕಿಯ ಜಾಗ ಬಿಟ್ಟು
ಒಂಬತ್ತು.