ಐದನೆಯ ಕಲಂ

ಪೀಕೋ ದ್ವೀಪದ ಬಂಡೆಯ ತುದಿಗೆ
ಸುಣ್ಣ ಬಳಿದ ಒಂದು ಗೂಡು. ಗೋಡೆಯಲ್ಲಿ
ಅಂಗೈ ಅಗಲದ ಸೀಳು.
ಆ ಸೀಳಿಗೆ ಕಣ್ಣಿಟ್ಟು ಎರ್ಮೀನಿಯೊ
ನಲವತ್ತು ವರ್ಷ ಕೂತಿದ್ದಾನೆ:
ಮೊದಲ ಹದಿನೇಳು ಕೊಲ್ಲುವವರಿಗಾಗಿ,
ಮಿಕ್ಕಿದ್ದು ನಮಗೆ.
ದುರ್ಬೀನು ಅದೇ.

‘ಉಸಿರು,’ ಎನ್ನುತ್ತಾನೆ ರೇಡಿಯೋದಲ್ಲಿ,
‘ಎಡಕ್ಕೆ ವಾಲಿದ್ದು. ಮೂರು ಮೈಲಿ.’
ನಾನು ದೋಣಿಯಲ್ಲಿ. ಮೊಣಕಾಲ ಮೇಲೆ ಹಲಗೆ,
ಹಲಗೆಯ ಹಾಳೆಯಲ್ಲಿ ಐದು ಕಲಂ:
ವಿಶ್ರಾಂತಿ. ಪಯಣ. ಆಹಾರ. ಒಡನಾಟ. ತಿಳಿಯದು.
ಎರಡೆರಡು ನಿಮಿಷಕ್ಕೆ ಒಂದು ಗೀಟು.
ಕಂಡದ್ದು ಬರಿ, ಅನಿಸಿದ್ದು ಬೇಡ,
ಎಂದು ಹೇಳಿಕೊಟ್ಟಿದ್ದಾರೆ.

ಇವತ್ತು ತಾಯಿ ಬಾಲ ಎತ್ತಿ ಮುಳುಗಿತು.
ಬಾಲದಂಚಿನ ಕಚ್ಚು ನೋಡಿ ಗುರುತಿಸಿದೆ: ನೂರ ಹದಿನೇಳು.
ಮರಿ ಮೇಲೆಯೇ ಉಳಿಯಿತು,
ಯಾರೋ ಮರೆತ ಚಪ್ಪಲಿಯ ಹಾಗೆ ತೇಲುತ್ತ.
ಅಷ್ಟರಲ್ಲಿ ಇನ್ನೊಂದು ಹೆಣ್ಣು, ತಾಯಿಯಲ್ಲದ್ದು,
ಬಂದು ಪಕ್ಕಕ್ಕೆ ನಿಂತಿತು.
ಒಡನಾಟ. ಗೀಟೆಳೆದೆ.
‘ನಲವತ್ತೆರಡು ನಿಮಿಷ,’ ರೇಡಿಯೋ ಗೊರಗುಟ್ಟಿತು,
‘ಅಲ್ಲೇ ಇರು, ಅಲ್ಲೇ ಏಳುತ್ತದೆ.’
ಎದ್ದಿತು. ನಲವತ್ತೊಂದಕ್ಕೆ.

ಸಂಜೆ ಅವನ ಅಡುಗೆಮನೆಯಲ್ಲಿ ಕೇಳಿದೆ:
ಅಷ್ಟು ಕರಾರುವಾಕ್ಕು ಹೇಗೆ?
ರೊಟ್ಟಿ ಮುರಿಯುತ್ತ ಹೇಳಿದ: ಜಪಸರ.
ಒಂದು ಮುಳುಗಿಗೆ ಎರಡೂವರೆ ಸುತ್ತು.
ಗಡಿಯಾರ ಎಲ್ಲಿತ್ತು ನನ್ನ ಹತ್ತಿರ?

ಮತ್ತೆ, ನಾನು ಕೇಳದೆಯೇ:
ಈಟಿ ಮೊದಲು ಮರಿಗೆ.
ಎಣ್ಣೆಗಲ್ಲ, ಮರಿಯಲ್ಲಿ ಎಷ್ಟು ಮಹಾ ಎಣ್ಣೆ.
ಅದು ಕೂಗಿದರೆ ಉಳಿದವು ಓಡುವುದಿಲ್ಲ.
ಸುತ್ತುವರಿದು ನಿಲ್ಲುತ್ತವೆ,
ತಲೆ ಒಳಗೆ, ಬಾಲ ಹೊರಗೆ, ಸೇವಂತಿಗೆ ಎಸಳಿನ ಹಾಗೆ.
ಆಮೇಲೆ ಒಂದೊಂದೇ.
ನೀವು ಓದಿದವರು ಇದಕ್ಕೇನೋ ಹೆಸರಿಟ್ಟಿದ್ದೀರಲ್ಲ.
ನಾವು ಅದೃಷ್ಟ ಅನ್ನುತ್ತಿದ್ದೆವು.

ದಿಯೊಲಿಂದಾ ಒಲೆಯ ಕಡೆಗೇ ಮುಖ ಮಾಡಿದ್ದಳು.
ಎಲೆಕೋಸಿನ ಸಾರು ಉಕ್ಕಿ
ಉರಿಯ ಮೇಲೆ ಚೊಯ್ಯೆಂದಿತು.
ಅವಳು ಕೈ ಚಾಚಲಿಲ್ಲ.

ರಾತ್ರಿ, ಹಾಳೆ ತಿದ್ದಲು ಕೂತವಳು
ಕೆಳಗಿನ ಖಾಲಿ ಜಾಗದಲ್ಲಿ ಬರೆದೆ:

ಬಂಡೆಯ ಮೇಲೆ ಒಂದು ಗಂಡು. ವಯಸ್ಸು ಅರವತ್ತರ ಮೇಲೆ.
ಒಂಟಿ. ದಿನಾ ಬೆಳಕು ಹರಿಯುವ ಮೊದಲೇ ಹತ್ತುತ್ತದೆ,
ಸಂಬಳ ಬಾರದ ತಿಂಗಳಲ್ಲೂ.
ಸೀಳಿಗೆ ಕಣ್ಣಿಟ್ಟು ಕೂರುತ್ತದೆ.
ಮರಿ ಕಂಡ ದಿನ ಸಂಜೆ ತುಸು ಹೆಚ್ಚು ಮಾತಾಡುತ್ತದೆ.

ಗೀಟು ಯಾವ ಕಲಮಿಗೆ ಎಂದು
ಪೆನ್ಸಿಲು ಬಹಳ ಹೊತ್ತು ಕಾದಿತು. ಕೊನೆಗೆ ಐದನೆಯದಕ್ಕೆ.

ಬೆಳಗ್ಗೆ, ಕಾಫಿಗೂ ಮೊದಲು, ರೇಡಿಯೋ:
‘ಎದ್ದೆಯಾ? ಅದೇ ಮರಿ.
ನಿಧಾನ ಬಾ.
ದೂರದಲ್ಲೇ ಎಂಜಿನ್ ಆರಿಸು.’